ಕೆಂಚನ ಹೆಪ್ಪು

ಅಂಬಿಕಾಗೆ ಸಿಟ್ಟು ಬಂದು ಒಂದು ವರ್ಷವಾಗಿತ್ತು. ಇನ್ನೂ ಇಳಿದಿರಲಿಲ್ಲ, ಇಳಿಸಿಕೊಳ್ಳುವ ಪ್ರಯತ್ನವನ್ನೂ ಅವಳು ಮಾಡಿರಲಿಲ್ಲ. ಕೆಲವರು ಸಿಟ್ಟನ್ನು ಕೂಗಾಡಿ ಕಳೆದುಕೊಳ್ಳುತ್ತಾರೆ. ಇವಳು ಅದನ್ನು ಅಷ್ಟು ಸುಲಭಕ್ಕೆ ಖರ್ಚು ಮಾಡುವ ಪೈಕಿಯಲ್ಲ, ಜೋಪಾನವಾಗಿ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಒಮ್ಮೆ ನೆನೆದುಕೊಂಡರೆ ದಿನವಿಡೀ ಮೈಯಲ್ಲಿ ಬಿಸಿ ಇರುತ್ತಿತ್ತು.

ಶ್ರೀರಂಗಪಟ್ಟಣ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ ಹೇಮಶ್ರೀ ಎಂಬ ಹೆಂಗಸಿನ ರೆಸಾರ್ಟು ಇದೆ. ಅಲ್ಲೇ ಬಿಯರು ಮಾಡಿ ಅಲ್ಲೇ ಮಾರುವುದಕ್ಕೆ ಆಕೆಗೆ ಪರವಾನಗಿ ಉಂಟು. ಅಲ್ಲಿ ಬಿಯರು ಮಾಡುತ್ತಿದ್ದವಳೇ ಅಂಬಿಕಾ. ಊರು ನಾಗಮಂಗಲದ ಹೊಣಕೆರೆ, ಓದಿದ್ದು ಮೈಸೂರಿನಲ್ಲಿ ಸೂಕ್ಷ್ಮಜೀವಿಗಳ ವಿಷಯ. ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ತಾಯಿ ಲಕ್ಷ್ಮಿದೇವಮ್ಮ ಜ್ಯೂಸ್ ಫ್ಯಾಕ್ಟರಿ ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ಅವಳು ಮಾಡಿದ ಬಿಯರುಗಳಲ್ಲಿ ಒಂದು ಅವಳ ಜೀವ. ಹೆಸರು ಕೆಂಚ. ಇಂಗ್ಲೆಂಡಿನ ಹಳೆಯ ಏಲ್ ಬಿಯರಿನ ದಾರಿಯಲ್ಲಿ ಮಾಡಿದ್ದು, ಗ್ಯಾಸು ಕಡಿಮೆ, ಹುರಿದ ಬಾರ್ಲಿಯ ಘಮಲು, ಬಣ್ಣ ಗಾಢ ಕೆಂಪು. ಅದಕ್ಕೆ ಪಾಂಡವಪುರದ ಕಡೆಯ ಒಂದು ಆಲೆಮನೆಯಿಂದ ಕಪ್ಪು ಬೆಲ್ಲ ತರಿಸಿ ಹಾಕುತ್ತಿದ್ದಳು. ಬಿಯರಿಗೆ ಬೆಲ್ಲವೇ ಎಂದು ಮೂಗು ಮುರಿದವರಿಗೆ, ಬೆಲ್ಜಿಯಂನವರು ನೂರಾರು ವರ್ಷದಿಂದ ಸಕ್ಕರೆ ಹಾಕಿಕೊಂಡೇ ಬಂದಿದ್ದಾರೆ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಮಡಕೆಯ ನೀರಿನಷ್ಟು ತಂಪಿದ್ದರೆ ಸಾಕು, ಐಸಿನಲ್ಲಿಟ್ಟು ಅದರ ಬಾಯಿ ಕಟ್ಟಬೇಡಿ ಎನ್ನುವುದು ಅವಳ ಹಟ. ಅಮೆರಿಕದ ಬಿಯರು ಬಾಗಿಲಲ್ಲೇ ನಿಂತು ಕೂಗುತ್ತದೆ, ಇಂಗ್ಲೆಂಡಿನದು ಒಳಗೆ ಬಂದು ಕೂತ ಮೇಲೆ ಮಾತಾಡುತ್ತದೆ ಎಂದು ಗಿರಾಕಿಗಳಿಗೆ ವಿವರಿಸುತ್ತಿದ್ದಳು.

ಕೆಂಚನ ರುಚಿಯೆಲ್ಲ ಇದ್ದದ್ದು ಅದರ ಹೆಪ್ಪಿನಲ್ಲಿ. ಇಂಗ್ಲೆಂಡಿನಿಂದ ಒಂದು ಸಲ ತರಿಸಿದ ಯೀಸ್ಟು ಅದು. ಮೊಸರಿಗೆ ಎತ್ತಿಡುವ ಹಾಗೆ ಪ್ರತಿ ಸಲ ಟ್ಯಾಂಕಿನ ತಳದಿಂದ ಒಂದಿಷ್ಟು ಎತ್ತಿಟ್ಟು ಮುಂದಿನದಕ್ಕೆ ಹಾಕಿ, ಹಾಕಿ, ಮೂರು ವರ್ಷದಲ್ಲಿ ಅದು ಕಾವೇರಿ ನೀರಿಗೂ ಇಲ್ಲಿನ ಬೆಲ್ಲಕ್ಕೂ ಒಗ್ಗಿ ಬೇರೆಯೇ ಆಗಿತ್ತು. ಅಂಥದ್ದು ಪ್ರಪಂಚದಲ್ಲಿ ಇನ್ನೆಲ್ಲೂ ಇರಲಿಲ್ಲ.

ಇಂಥ ಕೆಂಚನ ಮೇಲೆ ಕಣ್ಣು ಹಾಕಿದವನು ನಾಗಾರ್ಜುನ. ಕೆ.ಆರ್. ಪೇಟೆಯ ಬೆಲ್ಲದ ಮಂಡಿ ವ್ಯಾಪಾರಿ ಚೌಡಯ್ಯನವರ ಮಗ. ಅಮೆರಿಕಕ್ಕೆ ಹೋಗಿ ಬಿಯರಿನ ಒಂದು ಸಣ್ಣ ಕೋರ್ಸು ಮುಗಿಸಿಕೊಂಡು ಬಂದಿದ್ದ. ಬಂದವನು ಅಮೆರಿಕವನ್ನೇ ಜೇಬಿನಲ್ಲಿಟ್ಟುಕೊಂಡು ಬಂದಂತೆ ಆಡುತ್ತಿದ್ದ. ಅಂಬಿಕಾಳ ಕೈಕೆಳಗೆ ಸೇರಿದ, ಅಕ್ಕಾ ಅಕ್ಕಾ ಎಂದು ಎಲ್ಲ ಕಲಿತ, ಕೆಂಚನನ್ನು ಬೆಂಗಳೂರಿನ ಒಂದು ಸ್ಪರ್ಧೆಗೆ ತನ್ನ ಹೆಸರಿನಲ್ಲಿ ಕಳಿಸಿ ಬಹುಮಾನ ತಂದ. ಒಂದು ಟ್ಯಾಂಕು ಹುಳಿ ತಿರುಗಿದ್ದು ಇವಳ ಬೇಜವಾಬ್ದಾರಿಯಿಂದ ಎಂದು ಹೇಮಶ್ರೀಯ ಕಿವಿ ಊದಿದ. ಅವಳ ಕೆಲಸ ಹೋಯಿತು. ಹೋಗುವ ದಿನ ಒಂದು ಬಾಟಲಿ ಹೆಪ್ಪು ಚೀಲದಲ್ಲಿಟ್ಟುಕೊಂಡಿದ್ದಳು. ಗೇಟಿನಲ್ಲಿ ವಾಚ್‌ಮನ್ ಕೈಲಿ ಚೀಲ ಬಿಚ್ಚಿಸಿ, ಎಲ್ಲರೂ ನೋಡುತ್ತಿದ್ದಂತೆ ನಾಗಾರ್ಜುನ ಅದನ್ನು ತೆಗೆದುಕೊಂಡ. ಕಂಪನಿ ಮಾಲು ಎಂದ. ಕಳ್ಳಿಯ ಹಾಗೆ ನಿಂತ ಆ ಗಳಿಗೆಯನ್ನೇ ಅವಳು ದಿನಾ ಬೆಳಿಗ್ಗೆ ನೆನೆಯುತ್ತಿದ್ದದ್ದು.

ಈಗ ಅವಳು ಮೈಸೂರಿನ ಬೇರೊಂದು ಕಡೆ ಕೆಲಸಕ್ಕಿದ್ದಳು. ಅಲ್ಲಿ ಬೇರೆ ಯೀಸ್ಟುಗಳಲ್ಲಿ ಕೆಂಚನನ್ನು ಮಾಡಲು ಹೋಗಿ ಪ್ರತಿ ಸಲವೂ ಸೋತಿದ್ದಳು. ಬಣ್ಣ ಬಂತು, ಘಮಲು ಬಂತು, ಕೆಂಚ ಬರಲಿಲ್ಲ. ಅಷ್ಟರಲ್ಲಿ ರೆಸಾರ್ಟಿನವರು ಒಂದು ಭಾನುವಾರಕ್ಕೆ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ ಎಂದು ತಿಳಿಯಿತು. ಅಮೆರಿಕದ ಕ್ರಾಫ್ಟ್ ಬಿಯರೋ, ಇಂಗ್ಲೆಂಡ್ ಮತ್ತು ಯುರೋಪಿನ ಏಲೋ ಎಂದು ವಿಷಯ. ಲೋಟದ ಮೇಲೆ ಹೆಸರಿಲ್ಲದೆ ಕೊಟ್ಟರೂ ಯಾವುದು ಎಲ್ಲಿಯದೆಂದು ನಾಗಾರ್ಜುನ ಹೇಳುತ್ತಾನಂತೆ.

ಅಂಬಿಕಾ ನಕ್ಕಳು. ಅವನ ಕುಡಿಯುವ ರೀತಿ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಚೌಡಯ್ಯನವರ ಮಂಡಿಯಲ್ಲಿ ಬೆಲ್ಲ ನೋಡುವುದಕ್ಕೆ ಒಂದು ಪದ್ಧತಿ ಇತ್ತು. ಮೊದಲು ಬಣ್ಣ ನೋಡುವುದು, ಬೆಳ್ಳಗಿದ್ದರೆ ಮೇಲು, ಕಪ್ಪಗಿದ್ದರೆ ಕೀಳು. ಒಂದು ಚೂರು ಮುರಿದು ನಾಲಗೆಗೆ ಇಟ್ಟು, ಜೋರಾಗಿ ಬೆಲೆ ಕೂಗಿಬಿಡುವುದು. ಒಮ್ಮೆ ಕೂಗಿದ್ದನ್ನು ಆ ಮನೆಯವರು ಯಾವತ್ತೂ ಹಿಂದೆ ತೆಗೆದುಕೊಂಡವರಲ್ಲ, ನಷ್ಟವಾದರೂ ಸರಿ. ಮಗ ಬೆಲ್ಲ ಬಿಟ್ಟು ಬಿಯರಿಗೆ ಬಂದರೂ ಚಾಳಿ ಬಿಟ್ಟಿರಲಿಲ್ಲ. ಬಣ್ಣ ನೋಡುವುದು, ಒಂದೇ ಗುಟುಕು, ಕೂಗುವುದು, ಲೋಟ ಆಚೆಗೆ ತಳ್ಳುವುದು. ಎರಡನೆಯ ಗುಟುಕು ಕುಡಿದದ್ದನ್ನು ಅವಳು ನೋಡಿಯೇ ಇರಲಿಲ್ಲ.

ಆ ವಾರವೇ ಹೇಮಶ್ರೀಯ ಮನೆಗೆ ಹೋದಳು. ಬೈಯಲಿಲ್ಲ, ಅಳಲಿಲ್ಲ. ಕೆಂಚ ಯಾರದು ಅನ್ನೋದು ನಿಮಗೂ ತಿಳಿದುಬಿಡಲಿ ಎಂದಳು. ಬೇರೆ ಬಿಯರುಗಳ ಜೊತೆ ಕೆಂಚನನ್ನೂ ಇಡಿ. ಐಸಿನಂತೆ ಬೇಡ, ನಾನು ಕೊಡುತ್ತಿದ್ದಷ್ಟೇ ತಂಪಿರಲಿ. ಈಗ ಅದನ್ನು ಬೆಳ್ಳಗೆ ಮಾಡಿದ್ದಾರೆಂದು ಕೇಳಿದ್ದೇನೆ, ಒಂದು ಚಮಚ ಸುಟ್ಟ ಬೆಲ್ಲದ ನೀರು ಬೆರೆಸಿ ಮೊದಲಿನ ಬಣ್ಣಕ್ಕೆ ತನ್ನಿ, ಅದು ಕಣ್ಣಿಗೆ ತಿಳಿಯುತ್ತದೆಯೇ ಹೊರತು ನಾಲಗೆಗೆ ತಿಳಿಯುವಷ್ಟಲ್ಲ. ಅವನು ಗುರುತು ಹಿಡಿದರೆ ಕೆಂಚ ಅವನದೇ ಎಂದು ಎಲ್ಲರೆದುರು ಕೈ ಮುಗಿದು ಹೋಗುತ್ತೇನೆ. ಹಿಡಿಯದಿದ್ದರೆ ಕೆಂಚ ನನ್ನದು, ಟ್ಯಾಂಕಿನಲ್ಲಿರುವುದು, ಹೆಪ್ಪು, ಎಲ್ಲ ನನ್ನದು. ನಾನು ಏನು ಮಾಡಿದರೂ ಕೇಳಬಾರದು.

ಹೇಮಶ್ರೀ ವ್ಯಾಪಾರದ ಹೆಂಗಸು. ಕೆಂಚನ ಗಿರಾಕಿಗಳು ಈಚೆಗೆ ಅರ್ಧಕ್ಕರ್ಧ ಕಡಿಮೆಯಾದದ್ದು ಅವರ ತಲೆಯನ್ನೂ ಕೊರೆಯುತ್ತಿತ್ತು. ಆಗಲಿ ಎಂದರು.

ಭಾನುವಾರ ಮಧ್ಯಾಹ್ನ ಹುಲ್ಲುಹಾಸಿನ ಮೇಲೆ ಶಾಮಿಯಾನ ಹಾಕಿದ್ದರು. ಮೈಸೂರಿನಿಂದ, ಬೆಂಗಳೂರಿನಿಂದ ಜನ ಬಂದಿದ್ದರು. ಮಗನ ಭಾಷಣ ಕೇಳಲೆಂದು ಚೌಡಯ್ಯನವರೂ ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಬಿಯರು ಮುಟ್ಟುವವರಲ್ಲ, ಮಗ ನಾಲ್ಕು ಜನರೆದುರು ಮಾತಾಡುವುದನ್ನು ನೋಡಲು ಬಂದವರು. ಅಂಬಿಕಾ ಹಿಂದೆ ನಿಂತಿದ್ದಳು. ನಾಗಾರ್ಜುನ ಅವಳನ್ನು ನೋಡಿದ, ಹುಬ್ಬು ಹಾರಿಸಿದ, ಭಾಷಣ ಶುರು ಮಾಡಿದ.

ಮಾತು ಚೆನ್ನಾಗಿಯೇ ಆಡಿದ, ಸುಳ್ಳು ಹೇಳಬಾರದು. ಅಮೆರಿಕದವರು ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಧಾರಾಳವಾಗಿ ಸುರಿಯುತ್ತಾರೆ, ಧೈರ್ಯವಂತರು ಎಂದ. ಇಂಗ್ಲೆಂಡಿನ ಏಲ್ ಮುದುಕರ ಕಷಾಯ, ಬೆಚ್ಚಗೆ, ಸಪ್ಪೆ, ಗ್ಯಾಸಿಲ್ಲ ಎಂದ. ತನ್ನ ಕೆಂಚ ಗೆದ್ದದ್ದು ಅದನ್ನು ತಾನು ಅಮೆರಿಕದ ದಾರಿಗೆ ತಂದದ್ದರಿಂದ ಎಂದ. ಕೆಂಚ ನನ್ನ ಕೂಸು ಎಂದು ಎದೆ ಮುಟ್ಟಿಕೊಂಡಾಗ ಅಂಬಿಕಾ ತುಟಿ ಕಚ್ಚಿ ನಿಂತಳು.

ಪರದೆಯ ಹಿಂದೆ ಹೇಮಶ್ರೀ ತಾವೇ ಲೋಟ ತುಂಬಿಸಿದರು. ಮೊದಲನೆಯದು ಚಕ್ಕೋತದ ಸಿಪ್ಪೆ ಹಿಂಡಿದಂತಿತ್ತು, ಅವನು ಅಮೆರಿಕ ಎಂದು ಕೂಗಿದ. ಎರಡನೆಯದರಲ್ಲಿ ಲವಂಗದ ವಾಸನೆ, ಬೆಲ್ಜಿಯಂ ಎಂದ. ಮೂರನೆಯದು ಇಂಗ್ಲೆಂಡು. ಮೂರೂ ಸರಿ. ಚಪ್ಪಾಳೆ ಬಿತ್ತು. ಚೌಡಯ್ಯನವರು ಪಕ್ಕದವರ ಕಡೆ ತಿರುಗಿ ಮೀಸೆ ಸವರಿದರು.

ನಾಲ್ಕನೆಯ ಲೋಟ ಬಂತು. ಕಡುಗೆಂಪು ಬಣ್ಣ, ನೊರೆ ಕಡಿಮೆ. ನೋಡಿದೊಡನೆ ಅವನ ಮುಖ ಸೊಟ್ಟಗಾಯಿತು. ಒಂದು ಗುಟುಕು ಕುಡಿದು ಲೋಟ ತಳ್ಳಿದ. ಇದೂ ಇಂಗ್ಲೆಂಡಿನದೇ, ಅಲ್ಲಿಯ ಕಳಪೆ ಮಾಲು ಎಂದ. ಇನ್ನೂ ಸಾಲದೆಂದು ಜನರ ಕಡೆ ತಿರುಗಿದ.

"ನಮ್ಮೂರಲ್ಲಿ ಇದನ್ನ ಬೂಸಾ ನೀರು ಅಂತೀವಿ. ಇದನ್ನ ಮಾಡ್ದೋನು ದನ ಮೇಯ್ಸೋಕ್ ಓಗ್ಲಿ."

ಎಲ್ಲರೂ ನಕ್ಕರು. ಆ ನಗು ನಿಲ್ಲುವವರೆಗೂ ಅಂಬಿಕಾ ಕಾದಳು. ಒಂದು ವರ್ಷ ಕಾದವಳಿಗೆ ಅದೇನು ದೊಡ್ಡದಲ್ಲ. ಆಮೇಲೆ ಹೇಮಶ್ರೀ ಪರದೆಯನ್ನು ಸರಿಸಿದರು. ನಾಲ್ಕನೆಯ ಲೋಟ ತುಂಬಿದ ಜಗ್ಗು ರೆಸಾರ್ಟಿನದೇ ಬಿಯರು ನಲ್ಲಿಯ ಕೆಳಗಿತ್ತು. ನಲ್ಲಿಯ ಮೇಲೆ ದೊಡ್ಡದಾಗಿ ಕೆಂಚ ಎಂದು ಬರೆದಿತ್ತು.

ನಾಗಾರ್ಜುನನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಂಬಿಕಾ ನಡೆದು ಮುಂದೆ ಬಂದಳು. ಅವಳ ಮೈಯೆಲ್ಲ ಹಗುರಾಗಿತ್ತು, ಇಷ್ಟು ಸುಖ ಇರುತ್ತದೆಂದು ಅವಳೂ ಅಂದುಕೊಂಡಿರಲಿಲ್ಲ.

"ನಿನ್ ಕೂಸು ಅಂದ್ಯಲ್ಲ ನಾಗಾರ್ಜುನ," ಎಂದಳು. "ಎತ್ತೋರು ಕತ್ಲೇಲೂ ಮಗೀನ ಗುರ್ತು ಇಡೀತಾರೆ. ಅದ್ರ ಅಂಗಿ ಬದ್ಲಾಯ್ಸಿದ್ಕೇ ನೀನು ಬೂಸಾ ನೀರು ಅಂದ್ಬುಟ್ಟೆ."

ಅವನು ಚೇತರಿಸಿಕೊಂಡು ಮೋಸ ಎಂದ. ಬಣ್ಣ ಹಾಕಿದ್ದಾರೆ, ಬೆಚ್ಚಗೆ ಕೊಟ್ಟಿದ್ದಾರೆ, ಯಾರಿಗೆ ಕೊಟ್ಟರೂ ಇದೇ ಆಗುತ್ತಿತ್ತು, ಇವಳಿಗೇ ಕೊಟ್ಟಿದ್ದರೆ ಇವಳಿಗೂ ತಿಳಿಯುತ್ತಿರಲಿಲ್ಲ ಎಂದ. ಜನ ಗುಜುಗುಜು ಮಾಡತೊಡಗಿದರು. ಅದೂ ಸರಿಯಲ್ಲವೇ ಎಂದು ಒಬ್ಬಿಬ್ಬರು ಅಂದದ್ದು ಅವಳಿಗೂ ಕೇಳಿಸಿತು.

ಆಗ ಎದ್ದವರು ಚೌಡಯ್ಯ. ಹೆಗಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದು ಬಂದರು.

"ನ್ಯಾಯ ಎಲ್ರಿಗೂ ಒಂದೇ ಆಗ್ಬೇಕು ಕಣವ್ವ," ಎಂದರು. "ಕಣ್ಣು ಕಟ್ತೀನಿ. ಒಪ್ತೀಯಾ?"

ಅವಳು ಇದನ್ನು ಲೆಕ್ಕ ಹಾಕಿರಲಿಲ್ಲ. ಕೆಂಚನನ್ನು ಬಾಯಿಗೆ ಇಟ್ಟು ವರ್ಷವಾಗಿತ್ತು. ಬೇರೆಯವರ ಕೈಯಲ್ಲಿ ಅದು ಏನಾಗಿದೆಯೋ. ತಾನೂ ತಪ್ಪಿದರೆ ಕೂಡಿಟ್ಟ ಸಿಟ್ಟೆಲ್ಲ ನಗೆಪಾಟಲು. ಆದರೂ ತಲೆ ಆಡಿಸಿದಳು. ಚೌಡಯ್ಯನವರು ಟವೆಲನ್ನು ಬಿಗಿಯಾಗಿ ಕಟ್ಟಿದರು. ಬೆಲ್ಲದ ವಾಸನೆಯ ಟವೆಲು. ಲೋಟಗಳನ್ನು ಅವರೇ ಹಿಂದೆಮುಂದೆ ಮಾಡಿ ಕೈಗೆ ಕೊಟ್ಟರು.

ಮೊದಲನೆಯದು ಲವಂಗ, ಬೆಲ್ಜಿಯಂ. ಹೇಳಿದಳು. ಎರಡನೆಯದನ್ನು ಕುಡಿದಳು. ಇನ್ನೊಂದು ಗುಟುಕು ಕುಡಿದಳು. ಮೂರನೆಯ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ನಿಂತಳು. ಕತ್ತಲಲ್ಲಿ ನಾಗಾರ್ಜುನ ಕಿಸಕ್ಕೆಂದದ್ದು ಕೇಳಿಸಿತು.

"ಇವ್ನೇ ಕೆಂಚ," ಎಂದಳು ಕೊನೆಗೆ. "ಎಪ್ಪು ನಂದೇ. ಆದ್ರೆ ಬೆಲ್ಲ ನಂದಲ್ಲ. ಮದ್ದು ಆಕಿ ಬೆಳ್ಳಗೆ ಮಾಡಿರೋ ಬೆಲ್ಲ ತಿನ್ಸವ್ರೆ ಇದ್ಕೆ. ನುಂಗುದ್ ಮೇಲೆ ಗಂಟಲಲ್ಲಿ ಗಂಧಕದ್ ವಾಸ್ನೆ ನಿಲ್ತೈತೆ. ವರ್ಸದಿಂದ ಇದು ನರಳ್ತಾ ಐತೆ."

ಟವೆಲು ಬಿಚ್ಚಿದ ಚೌಡಯ್ಯನವರ ಕೈ ಅಲ್ಲೇ ನಿಂತಿತ್ತು. ಅವರು ಮಗನನ್ನು ನೋಡುತ್ತಿದ್ದರು. ಬೆಲ್ಲ ಎಲ್ಲಿಂದ ಬಂತೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಮ್ಮ ಮಂಡಿಯ ಅತ್ಯಂತ ಬಿಳಿಯ ಮಾಲನ್ನು ಆರಿಸಿ, ಮೇಲಾದದ್ದೇ ಇರಲಿ ಎಂದು ಮಗನ ಗಾಡಿಗೆ ಹೇರಿಸುತ್ತಿದ್ದವರು ಅವರೇ. ಅದು ಹೇಗೆ ಬೆಳ್ಳಗಾಗುತ್ತದೆ ಎಂಬುದು ಮಂಡಿಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

"ಅಪ್ಪಾಜಿ, ಇವ್ಳು ಸುಮ್ಕೆ..." ಎಂದ ನಾಗಾರ್ಜುನ.

"ಸುಮ್ಕಿರ್ಲಾ," ಎಂದರು ಚೌಡಯ್ಯ. ದನಿ ಏರಿಸಲಿಲ್ಲ. "ಬಾಯ್ಬುಟ್ಟು ಕೂಗಾಯ್ತು. ನಮ್ ಮನೇಲಿ ಕೂಗಿದ್ದನ್ನ ಇಂದಕ್ಕೆ ತಕ್ಕಳಲ್ಲ. ಆ ಮಾಲು ನಿಂದಲ್ಲ ಕಣ್ಲಾ."

ತಂದೆಯ ಬಾಯಿಂದ ಬಂದ ಆ ಮಾತಿಗೆ ಅವನು ಕುರ್ಚಿ ಹುಡುಕಿಕೊಂಡು ಕೂತುಬಿಟ್ಟ. ಅಂಬಿಕಾ ಅದನ್ನು ಕಣ್ಣು ತುಂಬ ನೋಡಿದಳು. ಅಯ್ಯೋ ಪಾಪ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಎಂಬ ನಾಚಿಕೆಯೂ ಆಗಲಿಲ್ಲ.

ಹೇಮಶ್ರೀ ಅವಳ ಕೈ ಹಿಡಿದುಕೊಂಡರು. ಕೆಲಸಕ್ಕೆ ವಾಪಸು ಬಾ, ನಾಳೆಯಿಂದ ನಲ್ಲಿಯ ಮೇಲೆ ನಿನ್ನ ಹೆಸರೇ ಇರುತ್ತದೆ ಎಂದರು. ಅಂಬಿಕಾ ಕೈ ಬಿಡಿಸಿಕೊಂಡಳು. ಮಾತಾಗಿತ್ತಲ್ಲ ಮೇಡಮ್, ನಾನು ಏನು ಮಾಡಿದರೂ ಕೇಳಬಾರದು ಎಂದು, ಅಷ್ಟು ಸಾಕು ಎಂದಳು. ನಾಗಾರ್ಜುನನ ಮುಂದೆ ಹೋಗಿ ನಿಂತು, ಏಳು ಎಂದಳು. ಟ್ಯಾಂಕಿನ ಕೋಣೆಗೆ ಅವನೇ ಮುಂದೆ, ಅವಳು ಹಿಂದೆ. ಚೌಡಯ್ಯನವರೂ ಹೇಮಶ್ರೀಯೂ ಬಂದರು.

"ತೆಗಿ," ಎಂದಳು, ಟ್ಯಾಂಕಿನ ತಳದ ವಾಲ್ವನ್ನು ತೋರಿಸಿ.

ಅವನು ಅವಳ ಮುಖ ನೋಡಿದ. ಇದರ ಜೊತೆ ಹೆಪ್ಪೂ ಹೋಗುತ್ತದೆ, ಇನ್ನೆಲ್ಲೂ ಎತ್ತಿಟ್ಟಿಲ್ಲ ಎಂದ. ಬೇರೆ ಟ್ಯಾಂಕಿನಲ್ಲೂ ಇಲ್ಲವೇ ಎಂದು ಕೇಳಿದಳು. ಇಲ್ಲ ಎಂದ. ಹೇಮಶ್ರೀ ಒಂದು ಬಾಟಲಿಯನ್ನಾದರೂ ಎತ್ತಿಟ್ಟುಕೋ ಎಂದು ಅಂಗಲಾಚಿದರು. ಅಂಬಿಕಾಳ ಕಣ್ಣು ಕಪಾಟಿನಲ್ಲಿ ಸಾಲಾಗಿ ತೊಳೆದಿಟ್ಟಿದ್ದ ಬಾಟಲಿಗಳ ಮೇಲೆ ಒಂದು ಕ್ಷಣ ನಿಂತಿತು. ಗಂಟಲಲ್ಲಿ ಗಂಧಕದ ವಾಸನೆ ಇನ್ನೂ ಇತ್ತು.

"ತೆಗಿ," ಎಂದಳು ಮತ್ತೆ.

ಅವನು ತೆಗೆದ. ಬಿಯರು ಸಿಮೆಂಟಿನ ನೆಲಕ್ಕೆ ಸುರಿದು ಅವರೆಲ್ಲರ ಕಾಲು ತೋಯಿಸಿಕೊಂಡು ಮೋರಿಗೆ ಹರಿಯಿತು. ಮೊದಲು ತಿಳಿಯಾಗಿ, ಆಮೇಲೆ ಮಂದವಾಗಿ, ಕೊನೆಯಲ್ಲಿ ಗಂಜಿಯಂತೆ ಬೆಳ್ಳಗಿನ ಹೆಪ್ಪು. ಅದು ಬಂದಾಗ ಅವಳು ಚಪ್ಪಲಿ ಬಿಟ್ಟು ಪಕ್ಕಕ್ಕೆ ಇಟ್ಟಳು, ಯಾಕೆಂದು ಅವಳಿಗೂ ತಿಳಿಯಲಿಲ್ಲ.

"ನಿಂದೂ ಓಯ್ತಲ್ಲವ್ವ," ಎಂದರು ಚೌಡಯ್ಯ.

"ಊಂ," ಎಂದಳು. "ಅವ್ನ್ ಕೈಲಿ ಕೆಟ್ಟಿದ್ದು ಇನ್ ಬದ್ಕೋದ್ ಬ್ಯಾಡ."

ಪೈಪು ಹಿಡಿದು ನೆಲ ತೊಳೆಯುವಂತೆ ನಾಗಾರ್ಜುನನಿಗೆ ಹೇಳಿದಳು. ಅವನು ತೊಳೆದು ಮುಗಿಸುವವರೆಗೂ ಅಲ್ಲೇ, ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತಿದ್ದಳು.