ಮುಖಕ್ಕೇ ಹೇಳುವ ಕಟ್ಟಳೆ

ಗುಂಡ್ಲುಪೇಟೆಯ ರೆಬೆಕ್ಕ ಸಿಟ್ಟು ಬಂದರೆ ಕೂಗಾಡುವವಳಲ್ಲ, ಕಟ್ಟಳೆ ಮಾಡುವವಳು. ಅವಳ ಅಡುಗೆಮನೆಯಲ್ಲಿ ಲೋಟ ಬೋರಲು ಹಾಕುವುದಕ್ಕೂ ಒಂದು ಕಟ್ಟಳೆ ಇತ್ತು. ಹಾಗಿರುವಾಗ ಗುರುವಾರದ ಕೂಟಕ್ಕೆ ಇಲ್ಲದಿದ್ದೀತೇ?

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ನಾಲ್ಕಾರು ಕ್ರೈಸ್ತ ಕುಟುಂಬಗಳು ಗುರುವಾರ ಚರ್ಚಿನ ಪಕ್ಕದ ಶೀಟಿನ ಕೊಠಡಿಯಲ್ಲಿ ಸೇರುತ್ತಿದ್ದವು. ಪ್ರಾರ್ಥನೆ, ಆಮೇಲೆ ಬುತ್ತಿ, ಆಮೇಲೆ ಮಕ್ಕಳು ತಾವು ಕಲಿತದ್ದನ್ನು ಎಲ್ಲರೆದುರು ಹೇಳುವುದು, ಕೊನೆಗೆ ಬಯಲಿನಲ್ಲಿ ಆಟ. ಕೂಟ ಕಟ್ಟಿದವಳು ರೆಬೆಕ್ಕನೇ. ಅವಳಿಗೆ ಇರುವುದು ನಿರೀಕ್ಷಾ ಎಂಬ ಒಬ್ಬಳೇ ಮಗಳು. ಮನೆಯಲ್ಲೇ ಓದುವ ಮಗುವಿಗೆ ನಾಲ್ಕು ಜನ ಗೆಳೆಯರಾದರೂ ಬೇಡವೇ ಎಂದು ಓಡಾಡಿ, ಎಲ್ಲರನ್ನೂ ಒಪ್ಪಿಸಿ ಕಟ್ಟಿದ್ದಳು.

ಆದರೆ ಈಚೆಗೆ ಕೂಟದಲ್ಲಿ ಗುಸುಗುಸು ಜಾಸ್ತಿಯಾಗಿತ್ತು. ರೆಬೆಕ್ಕ ಹತ್ತಿರ ಬಂದರೆ ಮಾತು ಟೊಮೆಟೊ ರೇಟಿನ ಕಡೆಗೆ ಹೊರಳುತ್ತಿತ್ತು. ಅದನ್ನಾದರೂ ಸಹಿಸಬಹುದು. ಆಟಕ್ಕೆ ನಿರೀಕ್ಷಾಳನ್ನು ಯಾವ ಮಗುವೂ ಕರೆಯುತ್ತಿರಲಿಲ್ಲ. ಹುಡುಗಿ ಬೇವಿನ ಮರದ ಬುಡದಲ್ಲಿ ಕೂತು ಇರುವೆ ನೋಡುತ್ತಿದ್ದಳು, ಕಿಟಕಿಯಿಂದ ರೆಬೆಕ್ಕ ಮಗಳನ್ನು ನೋಡುತ್ತಿದ್ದಳು. ದೊಡ್ಡವರ ಚಾಡಿಮಾತೇ ಮಕ್ಕಳಿಗೂ ಅಂಟಿದೆ ಎಂದು ಅವಳು ತೀರ್ಮಾನಿಸಿದಳು. ಹೀಗೇ ಬಿಟ್ಟರೆ ಕೂಟ ಒಡೆಯುತ್ತದೆ, ಮಗಳು ಒಂಟಿಯಾಗುತ್ತಾಳೆ.

ಆ ಗುರುವಾರ ಎದ್ದು ನಿಂತು ಹೇಳಿಯೇಬಿಟ್ಟಳು: "ಇನ್ನು ಮೇಲೆ ಯಾರೂ ಯಾರ ಹಿಂದೆಯೂ ಮಾತಾಡೋ ಹಾಗಿಲ್ಲ. ಬೇಸರ ಇದ್ರೆ ಅವರ ಮನೆಗೇ ಹೋಗಿ, ಅವರೊಬ್ಬರೇ ಇದ್ದಾಗ, ಮುಖಕ್ಕೇ ಹೇಳ್ಬೇಕು. ಇದು ನನ್ ಮಾತಲ್ಲ, ಯೇಸುಸ್ವಾಮಿನೇ ಹೇಳಿರೋದು."

ಎಲ್ಲರೂ ಒಟ್ಟಿಗೆ ಆಮೆನ್ ಎಂದರು. ರೆಬೆಕ್ಕ ಬೀಗಿದಳು. ಇಷ್ಟು ಬೇಗ ಯಾಕೆ ಒಪ್ಪಿದರು ಎಂದು ಪಾಪ, ಅವಳಿಗೆ ಹೊಳೆಯಲೇ ಇಲ್ಲ.

ಶನಿವಾರ ಬೆಳಿಗ್ಗೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಮರಿಯಕುಟ್ಟಿ ಬಂದಳು. ವಯನಾಡಿನಿಂದ ಬಂದು ಪೇಟೆಯಲ್ಲಿ ಬೇಕರಿ ಇಟ್ಟವರ ಮನೆಯಾಕೆ.

"ಚೇಚಿ, ನೀವು ಒಬ್ಬರೇ ಅಲ್ವಾ? ಬೇಜಾರು ಮಾಡ್ಬೇಡಿ. ನಿಮ್ಮ ಪ್ರಾರ್ಥನೆ ಬಹಳ ಉದ್ದ. ನೀವು ಲೋಕಕ್ಕೆಲ್ಲ ಪ್ರಾರ್ಥನೆ ಮಾಡಿ ಮುಗಿಸೋದ್ರಲ್ಲಿ ಬುತ್ತಿಯಲ್ಲಿರೋ ನನ್ನ ಅಕ್ಕಿ ಪುಟ್ಟು ಆರಿ ಕಲ್ಲಾಗ್ತದೆ."

ರೆಬೆಕ್ಕ ಸೊಪ್ಪು ಬದಿಗಿಟ್ಟು ಎದ್ದಳು. ಅವಳನ್ನು ಕಳಿಸಲು ಬಾಗಿಲಿಗೆ ಬಂದರೆ ಜಗಲಿಯ ಮೇಲೆ ಇನ್ನಿಬ್ಬರು! ಒಬ್ಬರೇ ಇದ್ದಾಗ ಹೇಳಬೇಕು ಎಂಬ ಕಟ್ಟಳೆಯಂತೆ ಸರದಿಗೆ ಕಾಯುತ್ತಿದ್ದರು. ಪಂಪ್‌ಸೆಟ್ ರಿಪೇರಿ ಮಾಡುವ ಗಂಡ ಜಯರಾಜ ಅವರಿಗೆ ಟೀ ಕೊಟ್ಟು, ಡಾಕ್ಟರ ಕಾಂಪೌಂಡರನ ಹಾಗೆ "ಈಗ ನೀವು ಓಗಿ" ಎಂದು ಒಳಗೆ ಬಿಡುತ್ತಿದ್ದ. ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ.

ಎರಡನೆಯವಳು ಚಾಮರಾಜನಗರದ ವಿನೋದಿನಿ. "ಅಕ್ಕಾ, ಆ ಬಸ್ಸು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಮಾತ್ರ ಬರೋದಾ? ವಾಪಸ್ಸೂ ಹೋಗುತ್ತಲ್ಲ? ಒಂದ್ ಸಲನಾದ್ರೂ ಕೂಟ ನಮ್ಮೂರಲ್ಲಿ ಇಡಿ. ಮಕ್ಕಳನ್ನ ಕಟ್ಕೊಂಡು ನಿಂತ್ಕೊಂಡೇ ಬಂದು ಬಂದು ಕಾಲು ಬಿದ್ದೋಯ್ತು."

ಮೂರನೆಯವಳು ಭೀಮನಬೀಡಿನ ರೂತಮ್ಮ. ಹೊಲದ ಅವರೆಕಾಯಿಯ ಚೀಲ ಕೆಳಗಿಟ್ಟು, ಸೆರಗಿನ ಅಂಚು ಸುತ್ತುತ್ತಲೇ ಬಾಯಿಬಿಟ್ಟಳು.

"ಅಕ್ಕಾ, ನಮ್ ಮಗ ದಾನಿ ಏನೇ ಏಳ್ಲಿ, 'ಇದ್ನ ನಮ್ ನಿರೀಕ್ಷಾ ಓದ್ ವರ್ಸನೇ ಮುಗುಸ್ಬುಟ್ಳು' ಅಂತೀರಿ. ಐದ ಈಗ ಗುರ್ವಾರ ಬಂದ್ರೆ ಒಟ್ಟೆನೋವು ಅಂತ ಮುಸುಕಾಕಂಡು ಮನಿಕತನೆ. ಎಲ್ಲಾ ಐಕ್ಳಿಗೂ ನಿಮ್ ಮಗಳ ಮ್ಯಾಲೆ ಕ್ವಾಪ. ಪಾಪ, ಆ ಮಗಿಂದೇನು ತಪ್ಪದೆ? ಮಾತು ನಿಮ್ದು. ನೀವೇ ಏಳಿ ಅಂದ್ರಲ್ಲ, ಅದ್ಕೇ ಏಳ್ಬುಟ್ಟೆ ಕಣಕ್ಕಾ."

ರೆಬೆಕ್ಕನ ಕಿವಿ ಬಿಸಿಯಾಯಿತು. ನಾಲಿಗೆಯ ತುದಿಗೆ ಹತ್ತು ಉತ್ತರ ಬಂದವು. ಆದರೆ ಕಟ್ಟಳೆ ಮಾಡಿದವಳು ತಾನೇ, ನುಂಗಿಕೊಂಡಳು. ರೂತಮ್ಮ ಗೇಟು ದಾಟಿದ ಮೇಲೆ ಗಂಡನ ಮೇಲೆ ಹಾರಿಬಿದ್ದಳು.

"ನಾನು ಕಟ್ಟಿದ ಕೂಟ! ನನಗೇ ಬುದ್ಧಿ ಹೇಳೋಕೆ ಬರ್ತಾರಾ?"

"ನೀನೇ ಕರ್ದು ಬುಟ್ಟು ಈಗ ಬೋದ್ರೆ ಎಂಗಮ್ಮಿ?" ಎಂದು ಅವನು ಟೀ ಲೋಟ ಎತ್ತಿಕೊಂಡು ಹೊರಗೆ ಜಾರಿದ.

ಅಡುಗೆಮನೆಯ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು. ನಿರೀಕ್ಷಾ.

"ಅಮ್ಮ, ಈಗ ನೀನೊಬ್ಬಳೇ ಇದೀಯಾ? ನಂಗೂ ಒಂದು ಬೇಸರ ಇದೆ. ಹೇಳ್ಬಹುದಾ?"

ರೆಬೆಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹೇಳು" ಎಂದಳು.

"ನೀನು ನನ್ನ ಹೊಗಳಿದ ದಿನ ನಂಗೆ ಆಟ ಇರಲ್ಲಮ್ಮ."

ಹುಡುಗಿ ಅಷ್ಟೇ ಹೇಳಿ ನಿಂತಳು. ರೆಬೆಕ್ಕನಿಗೆ ದುಃಖ ಒತ್ತರಿಸಿ ಬಂತು. ಮಗಳಿಗೆ ಯಾವ ಜೊತೆ ಸಿಗಲೆಂದು ಇಷ್ಟೆಲ್ಲ ಒದ್ದಾಡಿದಳೋ ಆ ಜೊತೆಯನ್ನು ತನ್ನ ಬಾಯಿಯೇ ವಾರವಾರವೂ ಓಡಿಸುತ್ತಿತ್ತು. ಮಗಳನ್ನು ತಬ್ಬಿಕೊಂಡು, "ತಪ್ಪಾಯ್ತು ಕಣಮ್ಮಿ" ಎಂದು ಅತ್ತೇಬಿಟ್ಟಳು.

ಮುಂದಿನ ಗುರುವಾರ ಪ್ರಾರ್ಥನೆ ಎಷ್ಟು ಬೇಗ ಮುಗಿಯಿತೆಂದರೆ ಕೆಲವರು ಕಣ್ಣು ಮುಚ್ಚುವಷ್ಟರಲ್ಲಿ ಆಮೆನ್ ಬಂತು. ಪುಟ್ಟು ಹಬೆಯಾಡುತ್ತಿತ್ತು. ಬರುವ ವಾರ ಚಾಮರಾಜನಗರದಲ್ಲಿ ಕೂಟ ಎಂದು ರೆಬೆಕ್ಕ ಸಾರಿದಳು. ಬಾಗಿಲ ಸಂದಿಯಲ್ಲಿ ಅಮ್ಮನ ಸೆರಗು ಹಿಡಿದು ನಿಂತಿದ್ದ ದಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನಿನ್ನ ಮಾತಿಗೆ ಮಧ್ಯ ಬಾಯಿ ಹಾಕಿದ್ದು ನನ್ ತಪ್ಪು ಕಣಪ್ಪ. ಇವತ್ತು ನೀನು ಹೇಳು, ನಾನು ಕೇಳ್ತೀನಿ."

ದಾನಿ ಏಳರ ಮಗ್ಗಿ ಶುರುಮಾಡಿದ. ನಡುವೆ ತಡವರಿಸಿದ. ರೆಬೆಕ್ಕನ ತುಟಿ ಆಡಿತು, ಅವಳು ಬಾಯಿ ತುಂಬ ಪುಟ್ಟು ತುರುಕಿಕೊಂಡಳು. ಹುಡುಗ ನಿಂತು, ಯೋಚಿಸಿ, ತಾನೇ ದಾರಿ ಹಿಡಿದು ಕೊನೆಮುಟ್ಟಿದ. ರೂತಮ್ಮ ಕಣ್ಣೊರೆಸಿಕೊಂಡಳು.

ಮಕ್ಕಳು ಬಯಲಿಗೆ ನುಗ್ಗಿ ಲಗೋರಿಗೆ ಕಲ್ಲು ಪೇರಿಸಿದರು. ನಿರೀಕ್ಷಾ ಅಭ್ಯಾಸಬಲದಿಂದ ಬೇವಿನ ಮರದ ಕಡೆ ಹೊರಟಳು. ಕಿಟಕಿಯಲ್ಲಿ ರೆಬೆಕ್ಕ ಉಸಿರು ಬಿಗಿಹಿಡಿದಳು.

"ಎಲ್ಗಮ್ಮಿ ಓಯ್ತಿದ್ದೈ?" ದಾನಿ ಕೂಗಿದ. "ನಮ್ ಕಡೀಕ್ ಬಾ, ಒಬ್ರು ಕಮ್ಮಿ ಅವ್ರೆ!"

ಹುಡುಗಿ ಓಡಿದ ಓಟವೇ ಓಟ. ಆದರೆ ಆಡಿ ರೂಢಿಯಿಲ್ಲದ ಕಾಲು, ನಾಲ್ಕು ಹೆಜ್ಜೆಗೇ ಎಡವಿತು. ಚೆಂಡು ಬಂದು ಬೆನ್ನಿಗೆ ಬಡಿಯಿತು. ಮಕ್ಕಳೆಲ್ಲ ಹೋ ಎಂದರು. ನಿರೀಕ್ಷಾ ಮಣ್ಣಿನಲ್ಲಿ ಕೂತು ಹೊಟ್ಟೆ ಹಿಡಿದು ನಗುತ್ತಿದ್ದಳು.

ರೆಬೆಕ್ಕನಿಗೆ ತಡೆಯಲಾಗಲಿಲ್ಲ. ಒದ್ದೆಗಣ್ಣಿನಲ್ಲೇ ಎಲ್ಲರ ಕಡೆ ತಿರುಗಿ ಎದೆಯುಬ್ಬಿಸಿ ಹೇಳಿದಳು:

"ನೋಡಿದ್ರಾ! ಎಲ್ಲಾರ್ಗಿಂತ ಮೊದ್ಲು ಔಟಾಗಿದ್ದು ನಮ್ ನಿರೀಕ್ಷಾನೇ!"