ದೇವರ ಜಗಲಿಯ ಮೇಲೆ ಉಬ್ಬಿದ ಬ್ಯಾಟರಿ

ನಾನು ಡ್ರೋನಿನ ಬ್ಯಾಟರಿ, ಅಂಗೈ ಅಗಲದವಳು. ಯಾವುದೋ ಕಾರ್ಖಾನೆಯಲ್ಲಿ ತೆಳ್ಳಗಿನ ಹಾಳೆಗಳನ್ನು ಪದರ ಪದರವಾಗಿ ಜೋಡಿಸಿ, ಲಿಥಿಯಂ ಸೇರಿದ ದ್ರವ ತುಂಬಿ, ಬೆಳ್ಳಿ ಬಣ್ಣದ ಚೀಲದಲ್ಲಿ ನನ್ನನ್ನು ಮುಚ್ಚಿದರು. ಹುಟ್ಟುವಾಗಲೇ ನನ್ನೊಳಗೆ ಬೆಂಕಿಯಿತ್ತು. ಅದನ್ನು ಹದದಲ್ಲಿಡುವವರ ಕೈಗೆ ಸಿಗುವುದು ಬಿಡುವುದು ಹಣೆಬರಹ.

ಸಿಕ್ಕಿದ್ದು ಗದಗಿನ ಫಕ್ಕೀರೇಶನ ಕೈಗೆ. ಮದುವೆಗಳ ವಿಡಿಯೋ ತೆಗೆಯುವ ಅವನು ಒಳ್ಳೆಯವನು, ಆದರೆ ಅವಸರದವನು. ಹಾರಿ ಇಳಿದ ನನ್ನ ಮೈ ಸುಡುತ್ತಿರುವಾಗಲೇ ಚಾರ್ಜಿಗೆ ಹಾಕುತ್ತಿದ್ದ. ತಾನು ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ನನ್ನನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡುತ್ತಿದ್ದ. ನನ್ನ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದವಳು ಅವನ ಹೆಂಡತಿ ದಾನಮ್ಮ ಒಬ್ಬಳೇ.

ಆಷಾಢ ಬಂತು. ಮದುವೆಗಳು ನಿಂತವು.

"ಅರ್ಧಾ ಚಾರ್ಜ್ ಇರೂವಾಗ ಎತ್ತಿಡ್ರಿ. ತುಂಬಿಸಿ ಇಟ್ರ ಕೆಡ್ತಾವು" ಎಂದಳು ದಾನಮ್ಮ.

"ಅರ್ಧಾ ಇಟ್ಟ ಮನ್ಯಾಗ ಬರಕತ್ತು ಇರತೈತೇನ?" ಎಂದು ಅವನು ನಕ್ಕ. ಏಳಿಗೆಯಾಗದೆಂದು ಅರೆತುಂಬಿದ ಕೊಡವನ್ನೂ ಒಳಗೆ ತರದ ಮನೆ ಅದು. ನನ್ನನ್ನು ಪೂರ್ತಿ ತುಂಬಿಸಿ ಕಪಾಟಿನಲ್ಲಿಟ್ಟ. ಸೆಕೆಯಲ್ಲಿ, ಕತ್ತಲಲ್ಲಿ, ತುಂಬಿಕೊಂಡೇ ಕೂತೆ. ಒಳಗೆ ಸಣ್ಣಗೆ ಗಾಳಿ ಹುಟ್ಟತೊಡಗಿತು.

ಮಹಾನವಮಿಗೆ ಖಂಡೇಪೂಜೆ. ಕಸುಬಿನ ಸಾಮಾನೆಲ್ಲ ದೇವರ ಜಗಲಿ ಏರಬೇಕು. ದೇವರಿಗೆ ಕೊರತೆಯಾಗಬಾರದೆಂದು ಫಕ್ಕೀರೇಶ ನನ್ನನ್ನು ಮತ್ತೆ ತುಂಬಿಸಿದ. ಅವನ ತಾಯಿ ನೀಲವ್ವ ವಿಭೂತಿ ಹಚ್ಚಿ, ನಂದಾದೀಪದ ಪಕ್ಕದಲ್ಲೇ ಇಟ್ಟರು. ಮಧ್ಯಾಹ್ನ ಜಗಲಿಯ ಬುಡದಲ್ಲಿ, ಕೌದಿಯ ಮೇಲೆ, ಗಂಡಹೆಂಡಿರ ಕೂಸು ಮಲಗಿತ್ತು. ದೀಪಕ್ಕೆ ಎಣ್ಣೆ ಹಾಕಲು ಬಂದ ದಾನಮ್ಮನ ಕಣ್ಣು ನನ್ನ ಮೇಲೆ ಬಿತ್ತು.

"ರೀ, ಬರ್ರಿಲ್ಲೆ. ಇದು ಉಬ್ಬೇತಿ."

ಫಕ್ಕೀರೇಶ ಬಗ್ಗಿ ನೋಡಿದ. "ಪೂರಿ ಆದಂಗ ಆಗೇತಲ್ಲ! ಸೂಜಿ ತಾ. ಗಾಳಿ ಬಿಟ್ರ ಇಳೀತೈತಿ."

"ಚುಚ್ಚಿದ್ರ ಕೈಯಾಗಽ ಹೊತ್ತತೈತಿ! ಮುಟ್ಟಬ್ಯಾಡ್ರಿ."

ನೀಲವ್ವ ಅಡುಗೆಮನೆಯಿಂದ ಬಂದರು. "ನಾಳೆ ಬನ್ನಿ ಕೊಡೂತನಕಾ ಪೂಜಿ ಸಾಮಾನ ಕದಲಸಬಾರದವಾ."

"ದೀಪಾ ಕದಲಸಂಗಿಲ್ಲ, ಇದನ್ನೂ ಕದಲಸಂಗಿಲ್ಲ. ಮತ್ತೇನು ಕದಲಸ್ಲಿ ಅತ್ತೀ, ಮನೀನ?"

ದಾನಮ್ಮ ಕೂಸನ್ನು ಎತ್ತಿ ಗಂಡನ ಕೈಗೆ ಕೊಟ್ಟು ಹೊರಗೆ ಕಳಿಸಿದಳು. ಆಮೇಲೆ ಒಣಗಿದ ದಪ್ಪ ಬಟ್ಟೆಯಲ್ಲಿ ನನ್ನನ್ನು ಹಿಡಿದಳು. ಒತ್ತಲಿಲ್ಲ, ಅಲುಗಿಸಲಿಲ್ಲ. ಅವಳ ಹಿಡಿತ ಹಗುರವಾಗಿತ್ತು. ಹಿತ್ತಲಲ್ಲಿ, ಗೋಡೆಗೂ ಕಟ್ಟಿಗೆಗೂ ದೂರ, ಒಣ ಮರಳು ತುಂಬಿದ ಗಡಿಗೆಯಲ್ಲಿ ನನ್ನನ್ನಿಟ್ಟು, ಮೇಲೆ ಮುಚ್ಚಳವನ್ನು ಸಡಿಲಾಗಿ ಇಟ್ಟಳು.

ಸಂಜೆಯಾಯಿತು. ಹೊಗೆಯಿಲ್ಲ, ಸದ್ದಿಲ್ಲ.

"ಏನಾತವಾ? ಸುಮ್ಮನ ಪೂಜಿ ಕೆಡಿಸಿದಿ" ಎಂದರು ನೀಲವ್ವ.

"ಏನೂ ಆಗಲಿಲ್ರಿ ಅತ್ತೀ" ಎಂದಳು ದಾನಮ್ಮ, ಕೂಸಿಗೆ ಅನ್ನ ಕಲಸುತ್ತ.

ಹಳೆಯ ಬ್ಯಾಟರಿ ಒಯ್ಯುವವರು ಬರುವವರೆಗೆ ನಾನು ಇಲ್ಲೇ, ಮರಳಿನಲ್ಲಿ. ಇನ್ನು ನನಗೆ ಹಾರಾಟವಿಲ್ಲ, ಚಾರ್ಜೂ ಇಲ್ಲ. ಜಗಲಿಯ ಮೇಲೆ ನಾನು ಹೊತ್ತಿಕೊಂಡಿದ್ದರೆ ದಾನಮ್ಮ ಮೊದಲೇ ಹೇಳಿದ್ದಳೆಂದು ಊರೆಲ್ಲ ನೆನೆಯುತ್ತಿತ್ತು. ಹೊತ್ತಲಿಲ್ಲ, ಅದಕ್ಕೇ ಈ ಮನೆಯಲ್ಲಿ ಅವಳಿಗೆ ಅಂಜುಬುರುಕಿ ಎಂದು ಹೆಸರು. ದೀಪದ ಪಕ್ಕದಲ್ಲಿ ನನ್ನ ಮೈ ಎಷ್ಟು ಬಿಗಿದಿತ್ತೆಂಬುದು ನನಗೆ ಗೊತ್ತು, ಹೇಳಲು ಬಾಯಿಲ್ಲ. ಅವಳೂ ಕೇಳಲು ಬಂದಿಲ್ಲ.