ಕಿವಿಯಲ್ಲಿ ಊದಿದ ಹೆಸರು

ಒತ್ತಿದ ಅಕ್ಷರ ಕಾಣುತ್ತಿಲ್ಲ, ಕಪ್ಪು ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುತ್ತಿಲ್ಲ, ಬೂಟ್ ಲೋಡರ್ ಹಾಗೆಯೇ, ಕಂಪ್ಯೂಟರ್ ಎಚ್ಚರಾಗುವ ಮೊದಲೇ ಒಳಗಿನಿಂದ ಚಿಲಕ ಹಾಕಿಕೊಂಡು ಪಾಸ್‌ವರ್ಡ್ ಕೇಳುತ್ತದೆ, ಕೇಳಿಸಿಕೊಂಡದ್ದನ್ನು ತೋರಿಸುವುದಿಲ್ಲ, ಕೂಸಿನ ಕಿವಿಯ ಹಾಗೆ — ಅಂಥದೊಂದು ಕಿವಿಗೇ ಶಿವಕಾಂತಾ ಈ ಹೆಸರನ್ನು ಮೊದಲು ಊದಿದ್ದು, ಆಳಂದದ ಆಸ್ಪತ್ರೆಯಲ್ಲಿ, ಅಣ್ಣನ ಮಗಳು, ಸೋದರತ್ತೆ ನಾನೇ ಅಲ್ಲವೇ, ತೊಟ್ಟಿಲಿಗೆ ಹಾಕುವ ತನಕ ಯಾಕೆ ಕಾಯಲಿ ಎಂದು, ನೀಲಗಂಗಾ, ಬೆಳಗಾಗುವುದರೊಳಗೆ ಕೂಸು ತಣ್ಣಗಾಯಿತು, ಹೆಸರು ಹೊರಗೆ ಬರಲೇ ಇಲ್ಲ. ಯಾರಿಗೂ ಗೊತ್ತಿರದ ಮಾತು ಅವಳಲ್ಲಿ ಅದೊಂದೇ, ಅದಕ್ಕೇ ಮಹಿಳಾ ಸಹಾಯ ಕೇಂದ್ರದ ಈ ಕಂಪ್ಯೂಟರಿಗೆ ಅದನ್ನೇ ಇಟ್ಟಳು, ಮನೆಯಿಂದ ಜೀವ ಉಳಿಸಿಕೊಂಡು ಬಂದ ಹೆಂಗಸರು ಎಲ್ಲೆಲ್ಲಿ ಅಡಗಿದ್ದಾರೆಂಬುದೆಲ್ಲ ಇದರೊಳಗಿದೆ, ಅವರ ಬಾಗಿಲಿಗೂ ಇದೇ ಪಾಸ್‌ವರ್ಡೆಂಬುದೂ, ಅವರಲ್ಲೊಬ್ಬಳಾದ ಭಾಗಮ್ಮನಿಗೂ ಅದನ್ನೇ ಹೇಳಿಕೊಟ್ಟಳು, ಜೇವರ್ಗಿಯ ಆ ಒಂಟಿ ಕೋಣೆಯಲ್ಲಿ ಬಿಟ್ಟು ಬರುವಾಗ, ನಮ್ಮ ಕಡಿಂದ ಬಂದವ್ರು ಈ ಹೆಸರು ಹೇಳ್ತಾರ, ಹೇಳದವ್ರಿಗೆ ಚಿಲಕ ತೆಗಿಬ್ಯಾಡ ಬೇ, ನಿನ್ನ ಗಂಡ ಕೊಡಲಿ ಹಿಡ್ಕೊಂಡು ತಿರಗ್ಯಾಡಾಕತ್ತಾನ.

ಕಂಪ್ಯೂಟರ್ ರಿಪೇರಿ ಮಾಡಿ ತಂದ ಜಾವೀದ ವೈರು ಸುತ್ತುತ್ತ ನಗುತ್ತಾನೆ, ಮೇಡಂ, ನೀಲಗಂಗಾ ಅಂದ್ರ ಯಾರ್ರೀ — ಸತ್ತ ಕೂಸನ್ನು ಯಾರೋ ಹೆಸರು ಹಿಡಿದು ಕೂಗಿದಂತಾಯಿತು. ನಿಮಗ್ಯಾರು ಹೇಳಿದ್ರು? ನಿಮ್ಮ ಕಂಪ್ಯೂಟರೇ ಹೇಳ್ಯದ್ರಿ, ಡಿಸ್ಕ್ ಬಿಚ್ಚಿ ನಮ್ಮ ಮಷೀನಿಗೆ ಹಚ್ಚಿದ್ವಿ, ಬೂಟ್ ಲೋಡರಿನ ಫೈಲಿನ್ಯಾಗ ಸೀದಾ ಬರದಿತ್ತು, ಕೀಲಿ ಹಾಕಿ ಕೀಲಿಕೈ ಬಾಗಲಿಗೇ ಜೋತುಬಿಟ್ಟಂಗ. ಹೌದು, ಬರೆದಿದ್ದಳು, ಹ್ಯಾಶ್ ಮಾಡಬೇಕಿತ್ತು, ಯಾರು ಓದಿದರೂ ತಿಳಿಯದ ಅಕ್ಷರಗಳ ಗೋಜಲು, ಒಂದು ಸಾಲಿನ ಕೆಲಸ, ಮಾಡಲು ಕೂತವಳಿಗೆ ಕೈ ಬರಲಿಲ್ಲ, ಆ ಹೆಸರು ಈ ಲೋಕದಲ್ಲಿ ಒಂದು ಕಡೆಯಾದರೂ ಪೂರ್ತಿಯಾಗಿ ಇರಲಿ ಎನಿಸಿತ್ತು — ಹಚ್ಚಿದ್ವಿ ಅಂದ್ರ, ಯಾರ್ಯಾರು? ನಾನು, ಮತ್ತ ನಿಮ್ಮ ಆಫೀಸಿನವ್ರು ಬಾಜೂಕ ಕುಂತಿದ್ರಲ್ರೀ, ಪೆನ್‌ಡ್ರೈವಿನ್ಯಾಗ ಎಲ್ಲಾ ತುಂಬ್ಕೊಂಡು ಹ್ವಾದ್ರು, ಭಾಳ ಶಾಂತ ಮನಷ್ಯಾ, ಚಹಾನೂ ಮುಟ್ಟಲಿಲ್ಲ. ಶಾಂತ ಮನುಷ್ಯ. ಈ ಆಫೀಸಿನಲ್ಲಿ ಗಂಡಸರೇ ಇಲ್ಲ.

ಫೋನು, ಫೋನೆಲ್ಲಿ, ಭಾಗಮ್ಮನ ನಂಬರು ಒತ್ತಿದಳು, ರಿಂಗಾಗುತ್ತಿದೆ, ಎತ್ತೇ ನಮ್ಮವ್ವಾ ಎತ್ತು, ಎತ್ತಿದಳು, ಭಾಗಮ್ಮನ ದನಿಯಲ್ಲಿ ನಗು, ಅಕ್ಕಾ, ನೀವು ಕಳಿಸಿದವ್ರು ಬಂದಾರ್ರಿ, ಬಾಗಲಾಗ ನಿಂತು ಪಿಸುದನಿಲೆ ಹೆಸರು ಹೇಳಾಕತ್ತಾರ, ತಡೀರಿ ತೆಗೀತೇನಿ — ಬ್ಯಾಡ ಎಂದಳೋ, ಎಂದುಕೊಂಡಳೋ, ಆ ಕಡೆ ತುಕ್ಕು ಹಿಡಿದ ಕಬ್ಬಿಣ ಸರಿಯುತ್ತಿದೆ, ನಿಧಾನ, ಚಿಲಕ, ಇನ್ನೂ ಸರಿಯುತ್ತಿದೆ, ಚಿಲಕ, ಚಿಲಕ